ಬಾಣಂತಿ ಬೇರು

"ಮುಟ್ಟಬ್ಯಾಡ ಕಣೇ, ದರಿದ್ರ ಮುಂಡೆ. ನಿನ್ನ ಕೈ ಬಿದ್ದಿದ್ದೆಲ್ಲಾ ಒಣಗ್ತಾ ಐತೆ."

ಕೆಂಪರಾಜು ತನ್ನ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲವೊಂದರಿಂದ ಒಂದು ಗಿಡವನ್ನು ಬುಡಸಮೇತ ಕಿತ್ತು ಅಕ್ಕಯಮ್ಮನ ಮುಖಕ್ಕೆ ಎಸೆದ. ಮಣ್ಣು ಕಣ್ಣಿಗೆ ಹೋಯಿತು. ನೀರಿನ ಪೈಪು ಹಿಡಿದಿದ್ದ ಕೈಯಲ್ಲೇ ಅವಳು ಕಣ್ಣುಜ್ಜಿಕೊಂಡಳು. ಪೈಪು ತಿರುಗಿ ಅವನ ಬಿಳಿ ಬೂಟಿನ ಮೇಲೆ ನೀರು ಬಿತ್ತು. ಅದಕ್ಕೆ ಅವನು ಸತ್ತು ಮಣ್ಣಾದ ಅವಳ ಅವ್ವನನ್ನೂ ಬಿಡದೆ ಬೈದ.

"ಇಷ್ಟು ಗಿಡ ತಂದು ನಿನ್ನ ಕೈಗೆ ಕೊಟ್ರೆ ಅರ್ಧಕ್ಕರ್ಧ ಸಾಯಿಸಿ ಕುಂತಿದ್ದೀಯ. ನಾಳೆ ಬೆಂಗ್ಳೂರಿಂದ ಕಂಪ್ನಿ ಸಾಹೇಬ್ರು ಬತ್ತಾರೆ. ಅವರಿಗೆ ಏನ್ ತೋರಿಸ್ಲಿ, ನಿನ್ನ ಮಕಾನಾ?"

"ಗುಡ್ಡದ ಗಿಡ ಕಣಣ್ಣ ಅದು. ಜಾಲಾರಿ ಮರದ ತಂಪು ಬೇಕು. ಚೀಲದಾಗೆ ಬದುಕಾಕಿಲ್ಲ."

"ನನಗೇ ಬುದ್ಧಿ ಹೇಳಕ್ಕೆ ಬಂದ್ಲು ಬೋಳಿ. ನೀರು ಬಿಡು."

ಅವನು ಅತ್ತ ಹೋದ ಮೇಲೆ ಅಕ್ಕಯಮ್ಮ ಬಗ್ಗಿ ಆ ಗಿಡ ಎತ್ತಿಕೊಂಡಳು. ದಂಟಿನಲ್ಲಿ ಅರಿಶಿನದ ದಾರದ ತುಂಡೊಂದು ಇನ್ನೂ ಅಂಟಿಕೊಂಡಿತ್ತು. ಅವಳೇ ಕಟ್ಟಿದ್ದು. ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಕೇರಿಯ ಹೆಂಗಸರು ನೋಡಿಯಾರು ಎಂದು ಹೆದರಿ ಅದನ್ನು ಸರಕ್ಕನೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕದ್ದವನು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ. ಕಳ್ಳರ ಹಾಗೆ ಅಡಗಿಸುತ್ತಿದ್ದವಳು ಇವಳು.

ಆ ಗಿಡ ಕೆನ್ನಾಲಿಗೆ. ಕೆನ್ನಾಲಿಗೆ ಎಂದರೆ ಪೇಟೆಯವರಿಗೆ ಗೊತ್ತಿಲ್ಲ. ಪೇಟೆಯವರು ಹಾಗಿರಲಿ, ಎರಡು ಹರದಾರಿ ಆಚೆಯ ಘಾಟಿ ಸುಬ್ರಹ್ಮಣ್ಯದವರಿಗೂ ಗೊತ್ತಿಲ್ಲ. ಜಾಲಾರಿಗುಡ್ಡದ ನೆರಳಿನಲ್ಲಿ ಮಾತ್ರ ಬೆಳೆಯುವ ಮೊಣಕಾಲೆತ್ತರದ ಗಿಡ. ಎಲೆಯ ಮೇಲುಗಡೆ ಹಸಿರು, ಅಡಿಯಲ್ಲಿ ನಾಲಿಗೆಯಂಥ ಕೆಂಪು. ಅದರ ಬೇರು ತೇಯ್ದು ಹಚ್ಚಿದರೆ ಎಂಥ ಹಳೇ ಹುಣ್ಣೂ ಮಾಯುತ್ತದೆ. ಇದು ಗೊತ್ತಿದ್ದವರು ಗುಡ್ಡದ ಬುಡದ ಮಾದಿಗರ ಕೇರಿಯವರು. ಅವರಿಗೆ ಹುಣ್ಣಿಗೇನು ಬರವೇ? ತಾತಂದಿರಿಗೆ ತೊಗಲು ಹದ ಮಾಡುವ ಸುಣ್ಣದ ಗುಂಡಿಯ ಹುಣ್ಣು, ಅಪ್ಪಂದಿರಿಗೆ ಗೌಡರ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದ ಹುಣ್ಣು, ಮಕ್ಕಳಿಗೆ ಈಗ ಕಾರ್ಖಾನೆಯ ಹುಣ್ಣು. ಕೆಲಸ ಕೊಟ್ಟವರು ಹುಣ್ಣು ಕೊಟ್ಟರು, ಗುಡ್ಡ ಬೇರು ಕೊಟ್ಟಿತು. ಹಾಗೆ ನಡೆದುಕೊಂಡು ಬಂದಿತ್ತು.

ಆ ಬೇರು ತೆಗೆಯುವುದಕ್ಕೆ ಒಂದು ಕಟ್ಟುಪಾಡಿತ್ತು. ಪೂರ್ತಿ ಕೀಳುವಂತಿಲ್ಲ. ಅರ್ಧ ಕುಯ್ದುಕೊಂಡು, ಉಳಿದರ್ಧಕ್ಕೆ ಮಣ್ಣು ಮುಚ್ಚಿ, ದಂಟಿಗೆ ಅರಿಶಿನ ಬಳಿದ ದಾರ ಕಟ್ಟಿ ಬರಬೇಕು. ದಾರ ಕಟ್ಟಿಸಿಕೊಂಡ ಗಿಡ ಬಾಣಂತಿ. ಮೂರು ವರ್ಷ ಅದರ ತಂಟೆಗೆ ಹೋಗಬಾರದು. ಹೋದರೆ ಗಿಡವೂ ಉಳಿಯುವುದಿಲ್ಲ, ಆ ಬೇರು ಹಚ್ಚಿಸಿಕೊಂಡವನೂ ಉಳಿಯುವುದಿಲ್ಲ. ಬಾಣಂತಿ ಬೇರು ಹುಣ್ಣು ಮಾಯಿಸುವ ಬದಲು ಮಾಂಸ ತಿನ್ನುತ್ತದೆ. ಅಕ್ಕಯಮ್ಮನ ಅತ್ತೆ ವಯಸ್ಸಿನ ಹುಮ್ಮಸ್ಸಿನಲ್ಲಿ ಅದನ್ನು ಪರೀಕ್ಷೆ ಮಾಡಲು ಹೋಗಿ ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದಳು. ಆ ಮೊಂಡು ಕೈಯಿಂದಲೇ ಸೊಸೆಗೆ ದಾರ ಕಟ್ಟುವುದನ್ನು ಕಲಿಸಿ ಸತ್ತಳು.

ಆ ದಾರವನ್ನು ಕೇರಿಯಲ್ಲಿ ಯಾರೂ ದಾಟಿದವರಿಲ್ಲ. ಮೇಕೆ ಕಾಯುವ ಹುಡುಗರೂ ಸರಿ, ಕುಡಿದು ಗುಡ್ಡದಲ್ಲಿ ಬಿದ್ದುಕೊಳ್ಳುವವರೂ ಸರಿ, ಹಳದಿ ದಾರ ಕಂಡರೆ ಬಳಸಿಕೊಂಡು ಹೋಗುತ್ತಿದ್ದರು. ಇದೇ ಅಕ್ಕಯಮ್ಮನನ್ನು ಹಾಳು ಮಾಡಿದ್ದು. ದಾರ ಕಟ್ಟಿದರೆ ಸಾಕು, ಯಾವ ಮನುಷ್ಯನಾದರೂ ಸರಿ, ಮುಟ್ಟುವುದಿಲ್ಲ ಎಂದು ಅವಳು ನಂಬಿಬಿಟ್ಟಿದ್ದಳು.

ನಾಲ್ಕು ತಿಂಗಳ ಹಿಂದಿನ ಮಾತು. ಕೆಂಪರಾಜುವಿನ ತಾಯಿ ಗಂಗಲಕ್ಷ್ಮಮ್ಮನಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ಊರಿನ ಗೌಡರ ದೊಡ್ಡ ಮನೆ, ದುಡ್ಡಿಗೆ ಬರವಿಲ್ಲ. ದೊಡ್ಡ ದೊಡ್ಡ ಡಾಕ್ಟರ ಹತ್ತಿರ ಓಡಾಡಿ ಸೋತು ಕೊನೆಗೆ ಅಕ್ಕಯಮ್ಮನಿಗೆ ಹೇಳಿ ಕಳಿಸಿದರು. ಒಂದೂವರೆ ತಿಂಗಳು ಅವಳು ಕೊಟ್ಟಿಗೆಯ ಬಾಗಿಲಲ್ಲಿ ಕೂತು ಬೇರು ತೇಯ್ದು ಹಚ್ಚಿದಳು. ಗಂಗಲಕ್ಷ್ಮಮ್ಮ ಒಳಗಿನಿಂದ ಕಾಲು ಮಾತ್ರ ಹೊರಗೆ ಚಾಚಿ, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಇವಳು ಎದ್ದ ಮೇಲೆ ಆ ಜಾಗಕ್ಕೆ ಒಂದು ಕೊಡ ನೀರು ಬೀಳುತ್ತಿತ್ತು. ಹುಣ್ಣು ಮಾಯಿತು.

ಮಾಯ್ದ ಮಾರನೇ ದಿನ ಕೆಂಪರಾಜು ಮುಂಬಾಗಿಲಲ್ಲಿ ನಿಂತು ಕರೆದ. "ಒಳಗೆ ಬಾ ಅಕ್ಕಯಮ್ಮ. ಯಾಕೆ ಅಲ್ಲೇ ನಿಂತೆ?"

ಐವತ್ತೆಂಟು ವರ್ಷಕ್ಕೆ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನಡುಮನೆಯಲ್ಲಿ ಕುರ್ಚಿ ಹಾಕಿದರು. ಗಂಗಲಕ್ಷ್ಮಮ್ಮನೇ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಕೈಗೆ ಕೊಟ್ಟರು, ನೆಲದ ಮೇಲೆ ಇಡಲಿಲ್ಲ. ಅಕ್ಕಯಮ್ಮ ಕುರ್ಚಿಯ ತುದಿಯಲ್ಲಿ ಅರೆಬರೆ ಕೂತು ಕಾಫಿ ಕುಡಿದಳು. ಕಣ್ಣಲ್ಲಿ ನೀರು ಬಂತು. ಸತ್ತ ಗಂಡ ಇದನ್ನು ನೋಡಬೇಕಿತ್ತು ಅಂದುಕೊಂಡಳು.

"ಅಮ್ಮನ ಕಾಲು ಉಳಿಸ್ದೆ ನೀನು," ಎಂದ ಕೆಂಪರಾಜು. "ಆ ಗಿಡಾನ ಒಂದ್ಸಲ ಕಣ್ಣಲ್ಲಿ ನೋಡ್ಬೇಕಲ್ಲ. ಕೈ ಮುಗಿದು ಬಂದ್ಬಿಡ್ತೀನಿ, ಅಷ್ಟೇ."

ಕೈ ಮುಗಿಯುತ್ತೇನೆ ಅನ್ನುವವನಿಗೆ ಇಲ್ಲ ಅನ್ನುವುದು ಹೇಗೆ? ಕರೆದುಕೊಂಡು ಹೋದಳು. ಅವನು ಚಪ್ಪಲಿ ಬಿಟ್ಟು ನಿಜವಾಗಿಯೂ ಕೈ ಮುಗಿದ. ಅದನ್ನು ನೋಡಿ ಅವಳ ನಾಲಿಗೆ ಇನ್ನಷ್ಟು ಸಡಿಲವಾಯಿತು.

"ನೋಡಣ್ಣ, ಹಳದಿ ದಾರ ಕಟ್ಟಿರೋವನ್ನ ಮಾತ್ರ ಯಾರೂ ಮುಟ್ಟಬಾರ್ದು. ಅಲ್ಲೊಂದೈತೆ, ಬಂಡೆ ಹಿಂದ್ಗಡೆ ಐದವೆ, ಆ ಹಳ್ಳದ ಗುಂಟ ಎಲ್ಲಾ ಅವೇಯ. ಬಾಣಂತ್ಯರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಸೋಮವಾರ ಯಾವುದೋ ಊರಿನ ಕೂಲಿಯವರು ಹಾರೆ ಹಿಡಿದು ಗುಡ್ಡ ಹತ್ತಿದರು. ದಾರ ಹುಡುಕ್ರಲಾ, ದಾರ ಇದ್ದ ಕಡೆ ಗಿಡ ಐತೆ ಎಂದು ಕೆಂಪರಾಜು ಬಂಡೆಯ ಮೇಲೆ ಕೂತು ಕೂಗುತ್ತಿದ್ದನಂತೆ. ಸುದ್ದಿ ಕೇಳಿ ಅಕ್ಕಯಮ್ಮ ಏದುಸಿರು ಬಿಡುತ್ತಾ ಮೇಲೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಾರ ಇದ್ದವು, ಇಲ್ಲದವು, ಆಗಷ್ಟೇ ಹುಟ್ಟಿದ ಸಸಿ, ಏನೂ ಉಳಿದಿರಲಿಲ್ಲ. ಹಳ್ಳದ ಗುಂಟ ಬರೀ ಗುಂಡಿಗಳು. ಅವಳು ಒಂದು ಗುಂಡಿಯ ಪಕ್ಕ ಕೂತು ಎರಡೂ ಕೆನ್ನೆಗೆ ಹೊಡೆದುಕೊಂಡಳು. ಆಮೇಲೆ ಎದ್ದು, ಸೀರೆ ಕೊಡವಿಕೊಂಡು, ಏನೂ ತಿಳಿಯದವಳಂತೆ ಕೇರಿಗೆ ಬಂದಳು.

ಗಿಡಗಳನ್ನು ಗುಡ್ಡದಿಂದ ಇಳಿಸಿದ್ದು ಕೆಂಪರಾಜುವಿನ ಟ್ರ್ಯಾಕ್ಟರ್. ಅದನ್ನು ಓಡಿಸುತ್ತಿದ್ದವನು ಕೇರಿಯವನೇ ಆದ ಮುನಿಕೃಷ್ಣ. ಕೆಳಗೆ ರಸ್ತೆಯಲ್ಲಿ ನಿಂತಿರು ಅಂದಿದ್ದರು, ನಿಂತಿದ್ದ. ತುಂಬಿಕೊಂಡು ನಡಿ ಅಂದರು, ನಡೆದ. ಕೇರಿಯವರಿಗೆ ಅಷ್ಟು ಸಾಕಾಯಿತು. ತೋರಿಸಿದವನು ಇವನೇ ಎಂದು ತೀರ್ಮಾನವಾಯಿತು.

ಒಂದು ತಿಂಗಳು ಕಳೆಯುವುದರೊಳಗೆ ಅಕ್ಕಯಮ್ಮನ ತಮ್ಮ ಮುನಿಶಾಮಪ್ಪ ಕಾಲು ಸುಟ್ಟುಕೊಂಡು ಬಂದ. ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಡ್ರಮ್ಮು ಎತ್ತುವ ಕೆಲಸ ಅವನದು. ಡ್ರಮ್ಮು ಸೋರಿ ಎಡಗಾಲ ಮೇಲೆ ಕ್ಷಾರದ ನೀರು ಬಿತ್ತು. ಬೂಟು ಕೊಟ್ಟಿರಲಿಲ್ಲ, ರಬ್ಬರ್ ಚಪ್ಪಲಿ ಕಾಲಿಗೇ ಅಂಟಿಕೊಂಡಿತ್ತು. ಸೂಪರ್‌ವೈಸರ್ ಒಂದು ಟ್ಯೂಬು ಮುಲಾಮು ಕೈಗಿಟ್ಟು, ವಾಸಿಯಾದ ಮೇಲೆ ಬಾ ಎಂದು ಗೇಟು ಹಾಕಿಸಿದ.

ಮನೆಯಲ್ಲಿ ಉಳಿದಿದ್ದ ಒಣಬೇರನ್ನು ಅಕ್ಕಯಮ್ಮ ತೇಯ್ದು ಹಚ್ಚುತ್ತಾ ಬಂದಳು. ಹುಣ್ಣು ಸುತ್ತಲಿಂದ ಕೂಡಿಕೊಳ್ಳತೊಡಗಿತು. ಅರ್ಧ ಕೂಡುವುದರೊಳಗೆ ಬೇರು ಮುಗಿಯಿತು.

ಬೇರು ಮುಗಿದ ದಿನವೇ ನಲ್ಲಿಯ ಹತ್ತಿರ ಅದು ನಡೆದದ್ದು. ಮುನಿಕೃಷ್ಣ ಹಲ್ಲುಜ್ಜಿಕೊಂಡು ನೀರಿಗೆ ಬಂದಿದ್ದ. ಮುನಿಶಾಮಪ್ಪ ಕೋಲೂರಿಕೊಂಡು ಹೋದವನೇ ಅವನ ಕೆನ್ನೆಗೆ ಬಾರಿಸಿದ.

"ಗೌಡನ ಎಂಜಲಿಗೆ ಕೇರಿ ಮಾರಿದೆಯಲ್ಲೋ ಸೂಳೇಮಗನೆ. ನನ್ನ ಕಾಲು ಹೋದ್ರೆ ನಿನ್ನ ಕಾಲು ಕಡೀತೀನಿ."

"ನಾನಲ್ಲ ಕಣಣ್ಣ," ಎಂದ ಮುನಿಕೃಷ್ಣ. "ನಮ್ಮವ್ವನ ಆಣೆ, ನಾನು ತೋರಿಸ್ಲಿಲ್ಲ."

"ಇನ್ಯಾರು ತೋರಿಸಿದ್ರು? ಗುಡ್ಡವೇ ಎದ್ದು ಬಂದು ಹೇಳ್ತಾ?"

ಅಕ್ಕಯಮ್ಮ ಅಲ್ಲೇ ಕೊಡ ಹಿಡಿದು ನಿಂತಿದ್ದಳು. ಕೊಡ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು. ಮುನಿಕೃಷ್ಣ ಅವಳ ಕಡೆ ನೋಡಿದ. ದೊಡ್ಡವಳು, ಬೇರಿನವಳು, ಇವಳಾದರೂ ಒಂದು ಮಾತು ಬಿಡಿಸಿ ಹೇಳುತ್ತಾಳೆ ಎಂದು ಕಾದ. ಅವಳು ಕೊಡ ಸೊಂಟಕ್ಕಿಟ್ಟುಕೊಂಡು ಮನೆಗೆ ಹೋದಳು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಅಂಥ ಕೋತಿಯಾದೆನಲ್ಲ ಎಂದು ಒಲೆಯ ಮುಂದೆ ಕೂತು ಅತ್ತಳು. ಅಂದಿನಿಂದ ಕೇರಿಯಲ್ಲಿ ಮುನಿಕೃಷ್ಣನ ಜೊತೆ ಯಾರೂ ಟೀ ಕುಡಿಯುತ್ತಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಡಾಕ್ಟರು ಮುನಿಶಾಮಪ್ಪನ ಕಾಲು ನೋಡಿ, ಮೂರು ಬೆರಳು ತೆಗೆಯಬೇಕು, ತಡ ಮಾಡಿದರೆ ಪಾದಕ್ಕೇ ಬರುತ್ತದೆ ಎಂದರು. ಅವನು ಒಪ್ಪಲಿಲ್ಲ. "ನಮ್ಮಕ್ಕ ಐತೆ ಸಾರ್. ಗೌಡ್ರಮ್ಮನ ಕಾಲನ್ನೇ ಉಳಿಸ್ದೋಳು, ನನ್ನ ಕಾಲು ಬಿಟ್ಟಾಳಾ?" ಎಂದು ಬಂದುಬಿಟ್ಟ. ಮಳೆ ಬೀಳಲಿ, ಗುಡ್ಡದಲ್ಲಿ ಚಿಗುರುತ್ತದೆ ಎಂದು ಅಕ್ಕಯಮ್ಮ ಹೇಳುತ್ತಿದ್ದಳು. ಸುಳ್ಳು. ಬೇರಿಲ್ಲದ ಗುಂಡಿಯಲ್ಲಿ ಏನು ಚಿಗುರುತ್ತದೆ? ದಿನಾ ಬೆಳಗ್ಗೆ ಬಟ್ಟೆ ಬಿಚ್ಚಿದಾಗ ನಾತ ಹೆಚ್ಚುತ್ತಿತ್ತು. ಅವನು ನಂಬಿ ಕೂತಷ್ಟು ದಿನವೂ ಕಾಲು ಒಳಗೊಳಗೇ ಹೋಗುತ್ತಿತ್ತು. ನಿಜ ಹೇಳಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ ಮೂರು ಬೆರಳಿನಲ್ಲಿ ಮುಗಿಸಿಕೊಳ್ಳುತ್ತಿದ್ದ. ಅವಳಿಗೆ ಹೇಳುವ ಧೈರ್ಯವಿರಲಿಲ್ಲ. ಗಿಡಗಳ ಹತ್ತಿರವಾದರೂ ಇರೋಣ ಎಂದು ಕೆಂಪರಾಜುವಿನ ನರ್ಸರಿಗೇ ಕೂಲಿಗೆ ಸೇರಿದ್ದಳು.

ಮುಖಕ್ಕೆ ಮಣ್ಣು ಬಿದ್ದ ಆ ಮಧ್ಯಾಹ್ನ ಅವಳು ಕೊನೆಗೂ ಬಾಯಿ ಬಿಟ್ಟಳು.

"ಕೆಂಪರಾಜಣ್ಣ, ನಮ್ ಮುನಿಶಾಮಿ ಕಾಲು ಕೆಟ್ಟೋಗೈತೆ. ಎರಡೇ ಎರಡು ಬೇರು ಕೊಡು. ನಿನ್ನ ಕಾಲಿಗೆ ಬೀಳ್ತೀನಿ."

ಕೆಂಪರಾಜು ಹಲ್ಲು ಚುಚ್ಚಿಕೊಳ್ಳುತ್ತಿದ್ದ ಕಡ್ಡಿ ಉಗಿದು ಸ್ವಲ್ಪ ಹೊತ್ತು ಯೋಚಿಸಿದ. ಮುಖ ಅರಳಿತು.

"ಕೊಡಣ. ಅವನ್ನ ಇಲ್ಲಿಗೇ ಕರೆಸ್ತೀನಿ. ಸಾಹೇಬ್ರ ಮುಂದೇನೇ ತೇಯ್ದು ಹಚ್ಚು, ವಿಡಿಯೋ ಮಾಡ್ಕಂತಾರೆ. ಆಮೇಲೆ ಬೇರು ತಗಂಡೋಗು. ಆದ್ರೆ ನಾನು ಹೇಳ್ದಂಗೆ ಹೇಳ್ಬೇಕು. ನೀನು ಕಾಡಜ್ಜಿ, ಬುಡಕಟ್ಟಿನೋಳು. ಮನಸಾರೆ ನನಗೆ ಈ ಗಿಡ ಕೊಟ್ಟೆ."

"ನಾವು ಮಾದಿಗ್ರಲ್ವೇನಣ್ಣ?"

"ಥೂ, ಆ ಮಾತು ಎತ್ತಿದ್ರೆ ಯಾವನು ಹಚ್ಕಂತಾನೆ ಕಂಪ್ನಿಯೋರು ಮಾಡೋ ಈ ಬೇರಿನ ಎಣ್ಣೇನ? ಕಾಡೋರು ಅಂದ್ರೆ ಪೇಟೆಯೋರು ಮುದ್ದು ಮಾಡ್ತಾರೆ. ಕೇರಿಯೋರು ಅಂದ್ರೆ ಮೂಗು ಮುಚ್ಕಂತಾರೆ. ಅದೇನು ನನ್ನ ತಪ್ಪಾ?"

ಅಕ್ಕಯಮ್ಮ ಒಪ್ಪಿಕೊಂಡಳು. ತಮ್ಮನ ಕಾಲಿಗಾಗಿ ಏನಂದರೂ ಅನ್ನಿಸಿಕೊಳ್ಳಲು ತಯಾರಿದ್ದಳು. ಮನಸಾರೆ ಕೊಟ್ಟೆ ಅನ್ನುವುದೊಂದು ಮಾತ್ರ ಎದೆಗೆ ಚುಚ್ಚಿತು. ಹೇಳಬೇಕಾದ ಸುಳ್ಳುಗಳ ನಡುವೆ ಅದೊಂದು ನಿಜವಾಗಿತ್ತು.

ಮಾರನೇ ದಿನ ಹತ್ತು ಗಂಟೆಗೆ ಕಾರು ಬಂತು. ಉಮಾಶಂಕರ್ ಎಂಬ ಕಂಪನಿ ಸಾಹೇಬರು, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬಳು ಹುಡುಗಿ. ಅಕ್ಕಯಮ್ಮನ ರವಿಕೆ ಕಾಣದಂತೆ ಸೀರೆ ಸುತ್ತಿಸಿ, ಕೊರಳಿಗೆ ಮಣಿಸರ ಹಾಕಿ, ತಲೆಗೆ ನವಿಲುಗರಿ ಸಿಕ್ಕಿಸಿ ಚಾಪೆಯ ಮೇಲೆ ಕೂರಿಸಿದ್ದರು. ಕಳೆ ಕೀಳುವ ಹೆಂಗಸರು ದೂರದಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಮುನಿಶಾಮಪ್ಪನನ್ನು ಟ್ರ್ಯಾಕ್ಟರಿನಲ್ಲಿ ಕರೆತಂದವನು ಮುನಿಕೃಷ್ಣನೇ. ಇಳಿಯಲಾರದವನನ್ನು ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದ. ಮುನಿಶಾಮಪ್ಪ ಉದ್ದಕ್ಕೂ ಅವನ ಮುಖ ನೋಡಲಿಲ್ಲ. ಕಾಲಿನ ಬಟ್ಟೆ ಬಿಚ್ಚಿದಾಗ ಉಮಾಶಂಕರ್ ಕರ್ಚೀಫು ತೆಗೆದು ಮೂಗಿಗಿಟ್ಟುಕೊಂಡರು.

"ಅಜ್ಜಿ, ಕ್ಯಾಮೆರಾ ಇಲ್ಲ ಅಂದ್ಕೊಂಡು ಮಾಡಿ. ನ್ಯಾಚುರಲ್ಲಾಗಿ ಇರ್ಲಿ."

ಕೆಂಪರಾಜು ದಪ್ಪದೆರಡು ಬೇರು ಆರಿಸಿ ಕೊಟ್ಟ. ಅಕ್ಕಯಮ್ಮ ಮಣ್ಣೊರೆಸಿದಳು. ಬೇರಿನ ಒಂದು ಮಗ್ಗುಲಲ್ಲಿ ಕುಯ್ದ ಗಾಯ, ಅದರ ಮೇಲೆ ಇನ್ನೂ ಸಿಪ್ಪೆ ಬಂದಿರಲಿಲ್ಲ. ಎರಡನೆಯದನ್ನು ತಿರುಗಿಸಿದಳು. ಅದರಲ್ಲೂ ಗಾಯ. ಅವಳೇ ಹೋದ ವರ್ಷ ಕುಯ್ದದ್ದು.

"ಬೇರೆ ಕೊಡಣ್ಣ," ಎಂದಳು ಮೆಲ್ಲಗೆ. "ಇವು ದಾರದವು."

"ಇರೋವೆಲ್ಲಾ ಅವೇ," ಎಂದ ಕೆಂಪರಾಜು ಹಲ್ಲು ಕಚ್ಚಿ. "ಮಿಕ್ಕಿದ್ದೆಲ್ಲಾ, ದಾರದವೂ ಸೇರಿ, ಎಣ್ಣೆಗೆ ಹೋಯ್ತು. ತೇಯಿ ಸುಮ್ನೆ, ಕ್ಯಾಮೆರಾ ಓಡ್ತಾ ಐತೆ."

ಅವಳು ತೇಯತೊಡಗಿದಳು. ಸಾಣೆಕಲ್ಲಿನ ಮೇಲೆ ಕೆಂಪು ಹಾಲು ಇಳಿಯಿತು. ಮುನಿಶಾಮಪ್ಪ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಹಚ್ಚಕ್ಕ," ಎಂದ. "ಉರಿದ್ರೂ ತಡ್ಕಂತೀನಿ."

ಈಗ ಹಚ್ಚಿಬಿಡುವುದು, ಇವರು ವಿಡಿಯೋ ಮಾಡಿಕೊಂಡು ಹೋಗಲಿ, ಆಮೇಲೆ ತೊಳೆದರಾಯಿತು ಎಂದು ಅವಳ ಮನಸ್ಸು ಹೇಳಿತು. ಗಿಡ ಹೋದ ದಿನದಿಂದಲೂ ಅದು ಹೇಳುತ್ತಾ ಬಂದದ್ದು ಇದನ್ನೇ, ಆಮೇಲೆ ನೋಡಿದರಾಯಿತು. ಬೆರಳಿಗೆ ಗಂಧ ಹತ್ತಿತ್ತು. ಬೆರಳು ಹುಣ್ಣಿನ ಹತ್ತಿರ ಹೋಗಿ ನಿಂತಿತು.

"ಹಚ್ಚಲ್ಲ," ಎಂದಳು. "ಇದು ಬಾಣಂತಿ ಬೇರು. ಇದನ್ನ ಹಚ್ಚಿದ್ರೆ ನನ್ ತಮ್ಮನ ಕಾಲು ಕೊಳೀತದೆ. ಸ್ವಾಮಿ, ನಿಮ್ಮೆಣ್ಣೇಲೂ ಇದು ಸೇರೈತೆ. ಯಾರಿಗೂ ಹಚ್ಚಬ್ಯಾಡಿ."

ಉಮಾಶಂಕರ್ ಕೆಂಪರಾಜುವಿನ ಕಡೆ ತಿರುಗಿದರು. "ಏನ್ರೀ ಇದು?"

"ತಲೆ ಕೆಟ್ಟದೆ ಸಾರ್ ಮುದುಕಿಗೆ. ಸುಳ್ಳು."

"ಸುಳ್ಳಾ?" ಅಕ್ಕಯಮ್ಮ ಸಾಣೆಕಲ್ಲು ಎತ್ತಿಕೊಂಡು ಎದ್ದು ಅವನ ಮುಂದೆ ಹಿಡಿದಳು. "ನಿನ್ ಕೈಯಾಗೆ ಮುಳ್ಳು ಗೀರಿದ ಗಾಯ ಐತಲ್ಲ, ಹಚ್ಕ. ನಿಮ್ಮವ್ವಂಗೆ ಹಚ್ಚಿದ್ದೆನಲ್ಲ, ಅದೇ ಕೈ ಇದು. ಹಚ್ಕ ಕೆಂಪರಾಜು."

ಹೆಸರಿನ ಹಿಂದೆ ಅಣ್ಣ ಬರಲಿಲ್ಲ. ಕೆಂಪರಾಜು ಎರಡು ಹೆಜ್ಜೆ ಹಿಂದೆ ಸರಿದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಹುಡುಗಿ ಕ್ಯಾಮೆರಾ ಇಳಿಸುವುದನ್ನು ಮರೆತು ನೋಡುತ್ತಿದ್ದಳು. ಅಕ್ಕಯಮ್ಮ ಕಲ್ಲನ್ನು ನೆಲಕ್ಕೆ ಕುಕ್ಕಿ, ತಲೆಯ ಗರಿ ಕಿತ್ತು ಹಾಕಿದಳು.

"ನಾನು ಯಾವ ಕಾಡಜ್ಜೀನೂ ಅಲ್ಲ. ಈ ಊರ ಮಾದಿಗ್ರೋಳು. ಆ ಗುಡ್ಡ ತೋರಿಸ್ದೋಳೂ ನಾನೇಯ." ಅವಳು ಹೆಂಗಸರ ಕಡೆ ತಿರುಗಿದಳು. ಅವರ ನಗು ನಿಂತಿತ್ತು. "ಮುನಿಕೃಷ್ಣ ಅಲ್ಲ ಕಣ್ರೇ. ಒಂದೊಂದು ದಾರಾನೂ ಬೆರಳು ಮಾಡಿ ತೋರಿಸ್ದೆ. ಆಮೇಲೆ ಬಾಯಿ ಮುಚ್ಕಂಡು ಕುಂತಿದ್ದೆ."

ಮುನಿಶಾಮಪ್ಪ ಕಾಲು ಹಿಡಿದುಕೊಂಡೇ ಇದ್ದ. "ಯಾಕಕ್ಕ?" ಎಂದ. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ.

"ಕುರ್ಚಿ ಹಾಕಿದ್ರು ಕಣಪ್ಪ," ಎಂದಳು ಅಕ್ಕಯಮ್ಮ. "ಒಳಗೆ ಕರೆದು, ಕುಂತ್ಕ ಅಂದ್ರು."

ಅವನು ಬಿಚ್ಚಿದ ಬಟ್ಟೆಯನ್ನು ತಾನೇ ಕಾಲಿಗೆ ಸುತ್ತಿಕೊಂಡ. ಎಬ್ಬಿಸಲು ಅವಳು ಕೈ ಕೊಟ್ಟಳು. ಅವನು ಆ ಕೈ ಹಿಡಿಯದೆ ಮುನಿಕೃಷ್ಣನ ಕಡೆ ತಿರುಗಿದ. ತಿರುಗಿದವನಿಗೆ ಮುಖ ಎತ್ತಲಾಗಲಿಲ್ಲ.

"ದೊಡ್ಡಬಳ್ಳಾಪುರಕ್ಕೆ ಬಿಡ್ತೀಯೇನಪ್ಪ?" ಎಂದ ನೆಲ ನೋಡುತ್ತಾ. "ಆಸ್ಪತ್ರೆಗೆ."

ಮುನಿಕೃಷ್ಣ ಟ್ರ್ಯಾಕ್ಟರಿನ ಕೀಲಿಯನ್ನು ಕೆಂಪರಾಜುವಿನ ಕುರ್ಚಿಯ ಮೇಲೆ ಇಟ್ಟ. "ಬಸ್ಸಿಗೆ ಹೋಗಣ ಬಾರಣ್ಣ," ಎಂದು ಹೆಗಲು ಕೊಟ್ಟ. ಇಬ್ಬರೂ ಗೇಟಿನ ಕಡೆ ಹೊರಟರು. ಹೆಂಗಸರು ಒಬ್ಬೊಬ್ಬರಾಗಿ ಕುಡುಗೋಲು ಎಸೆದು ಅವರ ಹಿಂದೆ ನಡೆದರು. ಅಕ್ಕಯಮ್ಮನನ್ನು ದಾಟಿ ಹೋಗುವಾಗ ಒಬ್ಬಳೂ ಅವಳ ಮುಖ ನೋಡಲಿಲ್ಲ.

"ಲೇ," ಕೆಂಪರಾಜು ಹಿಂದಿನಿಂದ ಅರಚಿದ. "ಕಾಡಿನ ಗಿಡ ಕಿತ್ತೋಳು ನೀನೇ ಅಂತ ಕೇಸ್ ಹಾಕಿಸ್ತೀನಿ ಕಣೇ. ಜೈಲಲ್ಲಿ ಕೊಳೀತೀಯ, ಮಾದಿಗ ಮುಂಡೆ."

ಅವಳು ಗೇಟಿನಲ್ಲಿ ನಿಂತು ತಿರುಗಿದಳು. ಕೊರಳ ಮಣಿಸರ ಬಿಚ್ಚಲು ನೋಡಿದಳು, ಗಂಟು ಬಿಚ್ಚಲಿಲ್ಲ. ಎಳೆದಳು. ಮಣಿ ಚೆಲ್ಲಿದವು.

"ಹಾಕ್ಸು. ಬರ್ಕೊಂಡು ಹೋಗು ಟೇಷನ್‌ಗೆ. ಅಕ್ಕಯಮ್ಮ, ಮಾದಿಗ್ರ ಕೇರಿ. ತೋರಿಸ್ದೋಳು ನಾನು, ಕಿತ್ತೋನು ನೀನು. ಎರಡೂ ಬರ್ಸು. ನಾನೇ ಬಂದು ಹೆಬ್ಬೆಟ್ಟು ಒತ್ತುತೀನಿ."

ರಸ್ತೆಯಲ್ಲಿ ಅವರು ಅಷ್ಟು ದೂರ ಹೋಗಿದ್ದರು. ಮುನಿಶಾಮಪ್ಪ ಒಂಟಿಕಾಲಲ್ಲಿ ಕುಂಟುತ್ತಾ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಡುತ್ತಿದ್ದ. ಅವನು ನಿಂತಾಗ ಅಕ್ಕಯಮ್ಮನೂ ನಿಂತಳು. ಅವನು ನಡೆದಾಗ ಅವಳೂ ನಡೆದಳು. ಬಸ್ಸು ನಿಲ್ಲುವ ಜಾಗದವರೆಗೂ ಅವನು ಹಿಂದಿರುಗಿ ನೋಡಲಿಲ್ಲ, ಅವಳೂ ಹತ್ತಿರ ಹೋಗಲಿಲ್ಲ.